ಪೈಲಟ್‌ಗೆ ದುಃಖ ಆದರೆ ಎಲ್ಲಿ ಹೇಳಿಕೊಳ್ಳಬೇಕು?

ಚರ್ಚೆ ಮುಗಿಸಿ ಮೇಕಪ್ ಒರೆಸಿಕೊಳ್ಳುತ್ತಿದ್ದೆ. ಅಹಮದಾಬಾದ್ ವಿಮಾನ ದುರಂತದ ಪ್ರಾಥಮಿಕ ವರದಿ ಹೊರಬಿದ್ದಿದ್ದ ದಿನ, ಜುಲೈ 12. ಆ ರಾತ್ರಿ ಸ್ಕ್ರೀನಿನ ಕೆಳಗೆ ಕೆಂಪು ಪಟ್ಟಿಯಲ್ಲಿ ನಮ್ಮವರು ಒಂದು ಪ್ರಶ್ನೆ ಓಡಿಸಿದ್ದರು: 'ಕಾಕ್‌ಪಿಟ್‌ನಲ್ಲಿ ಕೂತವರ ಮನಸ್ಸು ಸರಿ ಇತ್ತಾ?' ಆ ಸಾಲು ಬರೆದವನು ನಾನಲ್ಲ. ಆದರೆ ಒಂದು ಗಂಟೆಯಲ್ಲಿ ನಾಲ್ಕು ಸಲ ಬಾಯಿಬಿಟ್ಟು ಓದಿದವನು ನಾನೇ.

ಫೋನ್ ಬಂತು. ಗೊತ್ತಿಲ್ಲದ ನಂಬರ್.

'ಸರ್, ನಾನು ಪೈಲಟ್. ಹೆಸರು ಬೇಡ. ಮಲೆನಾಡಿನ ಕಡೆಯವನು. ನನ್ನ ಜೊತೆ ಟ್ರೈನಿಂಗ್ ಮಾಡಿದವನೊಬ್ಬ ಹೋದ ವರ್ಷ ಆತ್ಮಹತ್ಯೆ ಮಾಡ್ಕೊಂಡ. ಅವನ ಬಗ್ಗೆ ಇಲ್ಲಿವರೆಗೂ ಯಾರ ಹತ್ರಾನೂ ಮಾತಾಡಿಲ್ಲ. ಇವತ್ತು ನಿಮ್ಮ ಡಿಬೇಟ್ ನೋಡಿದ ಮೇಲೆ ಇನ್ನು ಮಾತಾಡೋದೂ ಇಲ್ಲ. ಅದನ್ನ ಹೇಳೋಣ ಅಂತಾನೇ ಮಾಡ್ದೆ.'

ಬೈದಿದ್ದರೆ ಫೋನ್ ಇಡುತ್ತಿದ್ದೆ. ಆತ ಬೈಯಲಿಲ್ಲ. ನಾನು ಕಾರಿನಲ್ಲಿ ಕೂತು ಒಂದು ಗಂಟೆ ಕೇಳಿಸಿಕೊಂಡೆ.

ಗೆಳೆಯ ತೀರಿಕೊಂಡ ಸುದ್ದಿ ಬಂದಾಗ ಈತ ಬೇರೆ ಊರಿನ ಹೋಟೆಲಿನಲ್ಲಿದ್ದ. ವಾಟ್ಸಾಪ್ ಗ್ರೂಪಿನಲ್ಲಿ ಒಂದು ಸಾಲು, ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಬೆಳಗಿನ ಜಾವ ನಾಲ್ಕೂವರೆಗೆ ಪಿಕಪ್. ಎದ್ದ, ಯೂನಿಫಾರ್ಮ್ ಹಾಕಿಕೊಂಡ, ನಾಲ್ಕು ಸೆಕ್ಟರ್ ಹಾರಿಸಿದ. ಯಾಕೆ ಹೋದಿರಿ, ಆವತ್ತು ಬರಲ್ಲ ಅನ್ನಬಹುದಿತ್ತಲ್ಲ ಎಂದು ಕೇಳಿದೆ. 'ಸಿಕ್ ಅಂದ್ರೆ ಕಾರಣ ಬರೀಬೇಕು ಸರ್. ಏನಂತ ಬರೀಲಿ? ದುಃಖ ಅಂತಾನಾ?'

ಎಂಟು ದಿನ ಬಿಟ್ಟು ಗೆಳೆಯನ ಮನೆಗೆ ಹೋದನಂತೆ. ತಾಯಿ ಕೇಳಿದ್ದು ಒಂದೇ ಮಾತು: 'ನಿಂಗೇನಾದ್ರೂ ಹೇಳಿದ್ನಾ?' ಇಲ್ಲಮ್ಮ ಅಂದನಂತೆ. ಆದರೆ ಹೇಳಿದ್ದ. ಮೂರು ವಾರ ಮುಂಚೆ ಏರ್‌ಪೋರ್ಟಿನಲ್ಲಿ ಕಾಫಿ ಕುಡಿಯುವಾಗ 'ನಿದ್ದೆನೇ ಬರ್ತಿಲ್ಲ ಕಣೋ' ಅಂದಿದ್ದ. ಇವನು 'ನಮ್ಮ ರೋಸ್ಟರ್‌ನಲ್ಲಿ ಯಾವನಿಗೆ ಬರತ್ತೆ ಮಾರಾಯ' ಅಂತ ನಕ್ಕು, ಬ್ಯಾಗ್ ಎಳೆದುಕೊಂಡು ಗೇಟಿನ ಕಡೆ ನಡೆದಿದ್ದ. ವರ್ಷವಾದರೂ ಆ ಕಾಫಿ ಟೇಬಲ್ ಬಿಟ್ಟು ಆತ ಎದ್ದಿಲ್ಲ.

ಮಾರನೇ ದಿನ ನಾನು ಆ ವರದಿಯನ್ನು ಮತ್ತೆ ತೆಗೆದು ಓದಿದೆ. ಅದರಲ್ಲಿದ್ದದ್ದು ಇಷ್ಟು. ಜೂನ್ 12ರಂದು ವಿಮಾನ ನೆಲ ಬಿಟ್ಟ ಕೆಲವೇ ಸೆಕೆಂಡುಗಳಲ್ಲಿ ಎರಡೂ ಎಂಜಿನ್‌ಗಳ ಇಂಧನ ಸ್ವಿಚ್‌ಗಳು ಒಂದರ ಹಿಂದೊಂದು, ಸುಮಾರು ಒಂದು ಸೆಕೆಂಡಿನ ಅಂತರದಲ್ಲಿ, 'ರನ್'ನಿಂದ 'ಕಟಾಫ್'ಗೆ ಹೋದವು. ಯಾಕೆ ಕಟಾಫ್ ಮಾಡಿದಿರಿ ಎಂದು ಒಬ್ಬ ಪೈಲಟ್ ಕೇಳುತ್ತಾರೆ, ನಾನು ಮಾಡಿಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ಕೇಳಿದವರು ಯಾರು, ಉತ್ತರ ಕೊಟ್ಟವರು ಯಾರು, ಸ್ವಿಚ್ ಯಾಕೆ ಸರಿಯಿತು ಎಂಬುದು ವರದಿಯಲ್ಲಿಲ್ಲ. ಮನಸ್ಸು, ಖಿನ್ನತೆ, ಆತ್ಮಹತ್ಯೆ ಎಂಬ ಮಾತಂತೂ ಇಲ್ಲವೇ ಇಲ್ಲ. 260 ಜನ ಸತ್ತ ಘಟನೆಗೆ ಒಂದು ರಾತ್ರಿಯಲ್ಲಿ ಉತ್ತರ ಬೇಕು ಎನ್ನುವ ಹಪಾಹಪಿಯಲ್ಲಿ ಅದನ್ನು ಸೇರಿಸಿದವರು ನಾವು ಸುದ್ದಿಮನೆಗಳವರು. ಇಂಡಿಯನ್ ಕಮರ್ಷಿಯಲ್ ಪೈಲಟ್ಸ್ ಅಸೋಸಿಯೇಷನ್ ಇದನ್ನು ಬಹಿರಂಗವಾಗಿ ಖಂಡಿಸಿತು. ಖಂಡಿಸಿದ್ದನ್ನೂ ನಾವು ಬ್ರೇಕಿಂಗ್ ಮಾಡಿದೆವು, ಅದು ಬೇರೆ ಮಾತು.

ಆದರೆ ಅದೇ ತಿಂಗಳು ಬಂದ ಇನ್ನೊಂದು ಸಂಗತಿಗೆ ಯಾರೂ ಪ್ಯಾನೆಲ್ ಕೂರಿಸಲಿಲ್ಲ. ಜುಲೈ 24ರಂದು ಕೇಂದ್ರ ಸರ್ಕಾರ ಲೋಕಸಭೆಗೆ ಕೊಟ್ಟ ಲಿಖಿತ ಉತ್ತರ ಅದು. ದುರಂತ ನಡೆದ ನಾಲ್ಕನೇ ದಿನ, ಜೂನ್ 16ರಂದು, ಏರ್ ಇಂಡಿಯಾದ 112 ಪೈಲಟ್‌ಗಳು ಸಿಕ್ ಲೀವ್ ಹಾಕಿದ್ದರು. 51 ಮಂದಿ ಕಮಾಂಡರ್‌ಗಳು, 61 ಮಂದಿ ಫಸ್ಟ್ ಆಫೀಸರ್‌ಗಳು. ರಜೆ ಸ್ವಲ್ಪ ಹೆಚ್ಚಾಗಿದ್ದು ನಿಜ ಎಂದು ಸರ್ಕಾರ ಒಪ್ಪಿಕೊಂಡಿತು. ಒಂದೇ ದಿನ 112 ಮಂದಿಗೆ ನೆಗಡಿ ಬಂದಿತ್ತಾ? ಎಲ್ಲರ ಮನಸ್ಸಿನಲ್ಲಿ ಏನಿತ್ತು ಅಂತ ನಾನು ಹೇಳುವ ಹಾಗಿಲ್ಲ. ಆದರೆ ತಮ್ಮ ಜೊತೆಯವರು ಹನ್ನೆರಡು ಜನ ಹೋದ ವಾರ ಅದು. ಅಂಥದ್ದೇ ಸೀಟಿನಲ್ಲಿ ಕೂರಬೇಕಾದವರು ಅವರು. ಮನೆಯಲ್ಲಿ ಒಂದು ಸಾವಾದರೆ ನಮ್ಮಲ್ಲಿ ಹನ್ನೊಂದು ದಿನ ಸೂತಕ. ಪೈಲಟ್‌ಗೆ ಮಾರನೇ ದಿನ ರೋಸ್ಟರ್.

ಈ ವೃತ್ತಿಯಲ್ಲಿ ಜನ ಯಾಕೆ ಬಾಯಿ ಬಿಡುವುದಿಲ್ಲ ಎನ್ನುವುದು ಅರ್ಥವಾಗಬೇಕಾದರೆ 'ಮೆಡಿಕಲ್' ಎಂಬ ಮೂರಕ್ಷರ ಅರ್ಥವಾಗಬೇಕು. ನಮ್ಮಂಥವರಿಗೆ ಆರೋಗ್ಯ ತಪಾಸಣೆ ಎಂದರೆ ಶುಗರ್, ಬಿಪಿ, ಡಾಕ್ಟರ್ ಬೈಗುಳ, ಮುಗೀತು. ಪೈಲಟ್‌ಗೆ ಹಾಗಲ್ಲ. ಲೈಸೆನ್ಸ್ ಇದ್ದರೂ ಕ್ಲಾಸ್ ಒನ್ ಮೆಡಿಕಲ್ ಸರ್ಟಿಫಿಕೇಟ್ ಇಲ್ಲದಿದ್ದರೆ ಪ್ರಯಾಣಿಕರ ವಿಮಾನ ಹಾರಿಸುವಂತಿಲ್ಲ. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಪರೀಕ್ಷೆ, ವಯಸ್ಸು 60 ದಾಟಿದರೆ ಆರು ತಿಂಗಳಿಗೊಮ್ಮೆ. ನಮ್ಮ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆಯಲ್ಲ, ನೀವು ಎಷ್ಟೋ ಸಲ ಅದರ ಮುಂದೆ ಟ್ರಾಫಿಕ್‌ನಲ್ಲಿ ನಿಂತಿರುತ್ತೀರಿ. 1957ರಿಂದ ಇರುವ ಸಂಸ್ಥೆ. ದೇಶದ ಬೇರೆ ಬೇರೆ ಕಡೆಯಿಂದ ಸಿವಿಲ್ ಪೈಲಟ್‌ಗಳೂ ಅಲ್ಲಿಗೆ ಪರೀಕ್ಷೆಗೆ ಬರುತ್ತಾರೆ. ಆ ಗೇಟಿನ ಒಳಗೆ ಹೋಗುವ ಹಿಂದಿನ ರಾತ್ರಿ ನಿದ್ದೆ ಮಾಡಿದ ಪೈಲಟ್‌ನನ್ನು ನಾನು ನೋಡಿಲ್ಲ.

ಲೆಕ್ಕ ಹಾಕಿ. ಪೈಲಟ್ ಆಗಲು ಅರ್ಧ ಕೋಟಿಯಿಂದ ಕೋಟಿಯವರೆಗೆ ಖರ್ಚು. ಅಪ್ಪನ ತೋಟ, ಮನೆ ಪತ್ರ, ಯಾವುದೋ ಒಂದು ಬ್ಯಾಂಕಿನಲ್ಲಿ ಇರುತ್ತದೆ. ಸಂಬಳದ ದೊಡ್ಡ ಪಾಲು ಹಾರಿಸಿದ ಗಂಟೆಗಳ ಮೇಲೆ ನಿಂತಿರುತ್ತದೆ. 'ನನಗೆ ಮೂರು ತಿಂಗಳಿಂದ ಮನಸ್ಸು ಸರಿ ಇಲ್ಲ ಡಾಕ್ಟ್ರೇ' ಅಂದ ತಕ್ಷಣ ಹಾರಾಟ ನಿಲ್ಲುತ್ತದೆ. ಎಷ್ಟು ದಿನ? ಹೇಳಲು ಬರುವುದಿಲ್ಲ. ಇನ್ನು ಯಾರು ಹೇಳುತ್ತಾರೆ?

ಹೇಳುವುದಿಲ್ಲ ಎನ್ನುವುದಕ್ಕೆ ಅಂಕಿ ಅಂಶ ಇದೆ. 2016ರ ಕೊನೆಯಲ್ಲಿ ಹಾರ್ವರ್ಡ್‌ನ ಸಂಶೋಧಕರು ಹೆಸರು ಕೇಳದೆ ಮಾಡಿದ ಒಂದು ಸಮೀಕ್ಷೆ ಪ್ರಕಟವಾಯಿತು. ಖಿನ್ನತೆಯ ಪ್ರಶ್ನೆಗಳಿಗೆ ಉತ್ತರಿಸಿದ ಸುಮಾರು 1,850 ಪೈಲಟ್‌ಗಳಲ್ಲಿ ಶೇಕಡ 12.6ರಷ್ಟು ಮಂದಿಯಲ್ಲಿ ಖಿನ್ನತೆಯ ಮಟ್ಟದ ಲಕ್ಷಣಗಳಿದ್ದವು. ಶೇಕಡ 4ರಷ್ಟು ಮಂದಿಗೆ ಹಿಂದಿನ ಎರಡು ವಾರದೊಳಗೆ ಸಾಯುವ ಯೋಚನೆ ಬಂದಿತ್ತು. 2022ರಲ್ಲಿ ಅಮೆರಿಕದ 3,765 ಪೈಲಟ್‌ಗಳ ಮೇಲೆ ನಡೆದ ಇನ್ನೊಂದು ಅಧ್ಯಯನ ಪ್ರಕಟವಾಯಿತು. ಅವರಲ್ಲಿ ಶೇಕಡ 56 ಮಂದಿ, ಸರ್ಟಿಫಿಕೇಟ್ ಹೋದೀತು ಅಂತ ಯಾವುದಾದರೂ ಒಂದು ರೀತಿಯಲ್ಲಿ ವೈದ್ಯರಿಂದ ತಪ್ಪಿಸಿಕೊಂಡಿದ್ದೇವೆ ಎಂದು ಒಪ್ಪಿಕೊಂಡರು. ಅರ್ಧಕ್ಕಿಂತ ಹೆಚ್ಚು!

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಇದನ್ನು ಓದಿ, ಅಯ್ಯೋ, ಮುಂದಿನ ವಾರ ಬುಕ್ ಮಾಡಿರುವ ಟಿಕೆಟ್ ಕ್ಯಾನ್ಸಲ್ ಮಾಡೋಣ ಅಂತ ಹೊರಡಬೇಡಿ. ಖಿನ್ನತೆ ಇರುವವನು ಬೇರೆಯವರನ್ನು ಕೊಲ್ಲುತ್ತಾನೆ ಎನ್ನುವುದು ಸಿನಿಮಾದವರ, ಸ್ವಲ್ಪ ಮಟ್ಟಿಗೆ ನಮ್ಮ ಟಿವಿಯವರ ಕಲ್ಪನೆ. ಬಹುತೇಕ ಎಲ್ಲರೂ ತಮ್ಮೊಳಗೇ ಕೊರಗುತ್ತಾರೆ, ಎದುರಿಗಿದ್ದವರಿಗೆ ಗೊತ್ತೂ ಆಗುವುದಿಲ್ಲ. ಆ ಪೈಲಟ್‌ನ ಗೆಳೆಯ ಕೂಡ ಯಾವ ಪ್ರಯಾಣಿಕನ ಕೂದಲೂ ಕೊಂಕಿಸಿರಲಿಲ್ಲ. ಕೊನೆಯ ಡ್ಯೂಟಿಯ ಲ್ಯಾಂಡಿಂಗ್ ಚೆನ್ನಾಗಿತ್ತು ಅಂತ ಜೊತೆಯಲ್ಲಿದ್ದ ಕ್ಯಾಪ್ಟನ್ ನೆನಪಿಸಿಕೊಂಡರಂತೆ.

ಹಾಗಾದರೆ ಜರ್ಮನ್‌ವಿಂಗ್ಸ್? ಎಲ್ಲರೂ ಕೇಳುವುದು ಅದನ್ನೇ. ಮಾರ್ಚ್ 24, 2015. ಬಾರ್ಸಿಲೋನಾದಿಂದ ಡ್ಯೂಸಲ್‌ಡಾರ್ಫ್‌ಗೆ ಹೊರಟ ವಿಮಾನ, ಫ್ರಾನ್ಸಿನ ಆಲ್ಪ್ಸ್ ಬೆಟ್ಟದಲ್ಲಿ 150 ಜನರ ಸಾವು. ಸಹಪೈಲಟ್ ಉದ್ದೇಶಪೂರ್ವಕವಾಗಿ ಕೆಳಗಿಳಿಸಿದ್ದ. ಅವನ ಹೆಸರು ಬೇಡ, ಆಗಲೇ ಸಾಕಷ್ಟು ಸಲ ಬಂದಿದೆ. ಆದರೆ ಒಂದು ವರ್ಷದ ನಂತರ ಫ್ರಾನ್ಸಿನ ತನಿಖಾ ಸಂಸ್ಥೆ ಬಿಇಎ ಕೊಟ್ಟ ಅಂತಿಮ ವರದಿ ಓದಬೇಕು. ತರಬೇತಿಯ ಕಾಲದಲ್ಲೇ, 2008ರ ಹೊತ್ತಿಗೆ, ಅವನಿಗೆ ತೀವ್ರ ಖಿನ್ನತೆ ಬಂದಿತ್ತು. ಚಿಕಿತ್ಸೆಯ ನಂತರ 2009ರಲ್ಲಿ ಸರ್ಟಿಫಿಕೇಟ್ ಮತ್ತೆ ಸಿಕ್ಕಿತು, ಕಾಯಿಲೆ ಮರುಕಳಿಸಿದರೆ ಇದು ರದ್ದು ಎಂಬ ಷರತ್ತಿನ ಮೇಲೆ. 2014ರ ಡಿಸೆಂಬರ್‌ನಿಂದ ಮತ್ತೆ ಶುರುವಾಯಿತು. ಅವನು ಸುಮ್ಮನೆ ಕೂರಲಿಲ್ಲ, ಹಲವು ಖಾಸಗಿ ವೈದ್ಯರ ಹತ್ತಿರ ಹೋದ. ದುರಂತಕ್ಕೆ ಎರಡು ವಾರ ಮುಂಚೆ ಒಬ್ಬ ವೈದ್ಯರು ಮನೋರೋಗ ಆಸ್ಪತ್ರೆಗೆ ಸೇರಬೇಕು ಎಂದರು. ಕೆಲಸಕ್ಕೆ ಹೋಗುವ ಹಾಗಿಲ್ಲ ಅಂತ ಚೀಟಿಯೂ ಸಿಕ್ಕಿತ್ತು. ಕಂಪನಿಗೆ ಮಾತ್ರ ಅವನು ಹೇಳಲಿಲ್ಲ. ವೈದ್ಯರೂ ಹೇಳಲಿಲ್ಲ, ರೋಗಿಯ ಗುಟ್ಟು ಕಾಯುವ ಕಾನೂನು ಜರ್ಮನಿಯಲ್ಲಿ ಬಹಳ ಬಿಗಿ.

ಅವನು ಯಾಕೆ ಮುಚ್ಚಿಟ್ಟ ಎಂಬುದಕ್ಕೆ ತನಿಖೆ ಮಾಡಿದವರು ಕೊಟ್ಟ ಕಾರಣಗಳಲ್ಲಿ ದುಡ್ಡೂ ಇತ್ತು. ತರಬೇತಿಗೆ ಮಾಡಿದ ಸಾಲ 41,000 ಯೂರೋ. ಲೈಸೆನ್ಸ್ ಹೋದರೆ ಆದಾಯ ಹೋಗುತ್ತದೆ, ಇಷ್ಟು ವರ್ಷದ ಆಸೆ ಹೋಗುತ್ತದೆ. ಅವನು ಮಾಡಿದ್ದಕ್ಕೆ ಇದು ಸಮರ್ಥನೆ ಅಲ್ಲವೇ ಅಲ್ಲ, 149 ಜನರ ಮನೆಯವರಿಗೆ ಯಾವ ಸಮಾಧಾನವೂ ಇಲ್ಲ. ಆದರೆ ತನಿಖಾಧಿಕಾರಿಗಳು 'ಹುಚ್ಚರನ್ನು ಹಿಡಿದು ಹೊರಗೆ ಹಾಕಿ' ಅಂತ ಬರೆಯಲಿಲ್ಲ, ಅದನ್ನು ಗಮನಿಸಿ. ಪೈಲಟ್‌ಗಳು ಭಯವಿಲ್ಲದೆ ಹೇಳಿಕೊಳ್ಳುವಂತೆ ಸಹವರ್ತಿಗಳ ನೆರವಿನ ತಂಡ ಮಾಡಿ, ಲೈಸೆನ್ಸ್ ಹೋದಾಗ ಬರುವ ಹಣಕಾಸಿನ ಹೊಡೆತ ತಗ್ಗಿಸಿ, ವೈದ್ಯರು ಯಾವಾಗ ಬಾಯಿ ಬಿಡಬೇಕು ಎಂಬ ನಿಯಮ ಸ್ಪಷ್ಟ ಮಾಡಿ ಎಂದು ಬರೆದರು.

ಇನ್ನೊಂದು ಘಟನೆ, ಅಕ್ಟೋಬರ್ 22, 2023. ಅಮೆರಿಕದ ಎವರೆಟ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ವಿಮಾನದ ಕಾಕ್‌ಪಿಟ್‌ನಲ್ಲಿ, ಹೆಚ್ಚುವರಿ ಸೀಟಿನಲ್ಲಿ, ಡ್ಯೂಟಿ ಇಲ್ಲದ ಪೈಲಟ್ ಒಬ್ಬ ಕೂತಿದ್ದ. ಇದ್ದಕ್ಕಿದ್ದಂತೆ ಎಂಜಿನ್ ನಿಲ್ಲಿಸುವ ಹಿಡಿಗಳಿಗೆ ಕೈ ಹಾಕಿದ. ಇಬ್ಬರು ಪೈಲಟ್‌ಗಳು ತಡೆದರು, ವಿಮಾನ ಪೋರ್ಟ್‌ಲ್ಯಾಂಡ್‌ನಲ್ಲಿ ಸುರಕ್ಷಿತವಾಗಿ ಇಳಿಯಿತು. ಎರಡು ದಿನ ಮುಂಚೆ ಗೆಳೆಯರ ಜೊತೆ ಅಮಲಿನ ಅಣಬೆ ತಿಂದಿದ್ದ, ನಿದ್ದೆ ಮಾಡಿರಲಿಲ್ಲ. ಅಷ್ಟನ್ನೇ ಹೇಳಿ ಸುದ್ದಿ ಮುಗಿಸಿದೆವು. ಆ ಗೆಳೆಯರು ಅಲ್ಲಿ ಸೇರಿದ್ದು ಯಾಕೆ ಗೊತ್ತಾ? ವರ್ಷಗಳ ಹಿಂದೆ ತೀರಿಕೊಂಡಿದ್ದ ಆಪ್ತನೊಬ್ಬನ ನೆನಪಿಗೆ. ಆ ಸಾವಿನ ದುಃಖ ಇವನಲ್ಲಿ ಕರಗಿರಲೇ ಇಲ್ಲ. ಮಾತ್ರೆ ಶುರು ಮಾಡಿದರೆ ಹಾರಾಟ ನಿಲ್ಲುತ್ತದೆ ಎಂಬ ಭಯಕ್ಕೆ ಚಿಕಿತ್ಸೆಯ ದಾರಿ ಹಿಡಿಯಲಿಲ್ಲ ಎಂದು ಆಮೇಲೆ ಅವನೇ ಹೇಳಿಕೊಂಡ.

ಮಾತ್ರೆ ತಿಂದರೆ ಹಾರಾಟ ಶಾಶ್ವತವಾಗಿ ನಿಲ್ಲಲೇಬೇಕಾ? ಹಾಗೇನಿಲ್ಲ. ಅಮೆರಿಕದ ಎಫ್‌ಎಎ 2010ರಲ್ಲೇ ಖಿನ್ನತೆಯ ನಾಲ್ಕು ಔಷಧಗಳನ್ನು ಷರತ್ತಿನ ಮೇಲೆ ಒಪ್ಪಿಕೊಂಡಿತು. ಚಿಕಿತ್ಸೆ ತಗೊಂಡು ಸ್ಥಿರವಾಗಿದ್ದೀಯಾ, ತಪಾಸಣೆ ಮಾಡಿಸಿಕೋ, ಮತ್ತೆ ಬಾ. ಕಾಯುವ ಅವಧಿ, ಪರೀಕ್ಷೆಗಳ ಖರ್ಚು ಎಲ್ಲ ಸೇರಿ ಆ ದಾರಿ ಉದ್ದ ಎಂಬ ದೂರು ಇದೆ. ಆದರೂ ದಾರಿ ಅಂತ ಒಂದಿದೆ. ಯುರೋಪ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 2018ರಲ್ಲಿ ಮಾಡಿದ ನಿಯಮ 2021ರ ಫೆಬ್ರುವರಿಯಿಂದ ಜಾರಿಯಾಗಿ, ಅಲ್ಲಿನ ಪ್ರತಿ ವಿಮಾನ ಕಂಪನಿಯ ಪೈಲಟ್‌ಗಳಿಗೂ ಸಹವರ್ತಿ ನೆರವು, ಅಂದರೆ ಪಿಯರ್ ಸಪೋರ್ಟ್, ಇರಲೇಬೇಕು ಎಂದಾಯಿತು.

ಇದು ಹೇಗೆ ಕೆಲಸ ಮಾಡುತ್ತದೆ ಎಂದರೆ, ಬಹಳ ಸರಳ. ಪೈಲಟ್ ಫೋನ್ ಮಾಡುವುದು ಡಾಕ್ಟರಿಗಲ್ಲ, ಮ್ಯಾನೇಜರಿಗಂತೂ ಅಲ್ಲ, ಇನ್ನೊಬ್ಬ ಪೈಲಟ್‌ಗೆ. ಆ ಪೈಲಟ್‌ಗೆ ಕೇಳಿಸಿಕೊಳ್ಳುವ ತರಬೇತಿ ಕೊಟ್ಟಿರುತ್ತಾರೆ. ಅವನ ಹಿಂದೆ ಒಬ್ಬ ಮನಶ್ಶಾಸ್ತ್ರಜ್ಞರು ಇರುತ್ತಾರೆ. ಹೇಳಿದ್ದು ಕಂಪನಿಗೆ ಹೋಗುವುದಿಲ್ಲ, ಜೀವಕ್ಕೋ ವಿಮಾನಕ್ಕೋ ನಿಜವಾದ ಅಪಾಯ ಇದೆ ಅನ್ನಿಸಿದರೆ ಮಾತ್ರ ಗುಟ್ಟು ಮುರಿಯಬಹುದು, ಅದೂ ಮೊದಲೇ ಹೇಳಿರುತ್ತಾರೆ. ಗಂಡ ಹೆಂಡತಿ ಜಗಳ, ಸಾಲ, ಕುಡಿತ, ಅಪ್ಪನ ಕ್ಯಾನ್ಸರ್, ಸಿಮ್ಯುಲೇಟರ್ ಪರೀಕ್ಷೆಯಲ್ಲಿ ಫೇಲಾದ ಅವಮಾನ, ಯಾವುದನ್ನಾದರೂ ಹೇಳಬಹುದು. ಸಣ್ಣದಿರುವಾಗಲೇ ಹೇಳಿದರೆ ಎಷ್ಟೋ ಸಲ ಕಾಯಿಲೆಯಾಗುವ ತನಕ ಹೋಗುವುದೇ ಇಲ್ಲ. ಜರ್ಮನಿಯಲ್ಲಿ ಮೇಡೇ ಫೌಂಡೇಶನ್ ಎಂಬ ಸಂಸ್ಥೆ 1994ರಿಂದ ವಿಮಾನ ಸಿಬ್ಬಂದಿಗೆ ಹೆಗಲು ಕೊಡುತ್ತಾ ಬಂದಿದೆ.

ನಮ್ಮಲ್ಲಿ? 2023ರ ಫೆಬ್ರುವರಿಯಲ್ಲಿ ಡಿಜಿಸಿಎ ಸುತ್ತೋಲೆ ಹೊರಡಿಸಿದೆ. ವೈದ್ಯಕೀಯ ಪರೀಕ್ಷೆಯಲ್ಲಿ ಮಾನಸಿಕ ಆರೋಗ್ಯವನ್ನೂ ನೋಡಬೇಕು, ಕಂಪನಿಗಳು ಸಿಬ್ಬಂದಿಗೆ ತರಬೇತಿ ಕೊಡಬೇಕು, ಪಿಯರ್ ಸಪೋರ್ಟ್ ವ್ಯವಸ್ಥೆ ಮಾಡಬೇಕು ಎಂಬ ಸಲಹೆ ಅದರಲ್ಲಿದೆ. ಲೋಕಸಭೆಯ ಉತ್ತರದಲ್ಲೂ ಸರ್ಕಾರ ಇದನ್ನೇ ತೋರಿಸಿತು. ಕಾಗದದ ಮೇಲೆ ಚೆನ್ನಾಗಿದೆ. ನಿಮ್ಮ ಕಂಪನಿಯಲ್ಲಿ ಇದೆಯಾ ಅಂತ ಆ ಪೈಲಟ್‌ನನ್ನು ಕೇಳಿದೆ. 'ಇದೆ ಸರ್. ಪೋಸ್ಟರ್ ಅಂಟಿಸಿದ್ದಾರೆ. ಅದರಲ್ಲಿರೋ ನಂಬರ್‌ಗೆ ಮಾಡಿದ್ರೆ ಎತ್ತೋದು ಆಫೀಸಿನವರು.' ನಂಬಿಕೆ ಇಲ್ಲದ ಕಡೆ ನಂಬರ್ ಕೊಟ್ಟು ಏನು ಪ್ರಯೋಜನ?

ಆಯಾಸದ ವಿಷಯದಲ್ಲಾದರೂ ಸ್ವಲ್ಪ ಬದಲಾವಣೆ ಬಂದಿದೆ. 2025ರ ಜುಲೈ 1ರಿಂದ ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. ರಾತ್ರಿ ಲ್ಯಾಂಡಿಂಗ್‌ಗಳ ಕಡಿತ ಅದೇ ವರ್ಷದ ನವೆಂಬರ್‌ನಿಂದ ಅಂತಿತ್ತು. 2024ರ ಜನವರಿಯಲ್ಲಿ ಹೊರಟ ನಿಯಮ ಇದು, ಕಂಪನಿಗಳ ತಕರಾರಿನಲ್ಲಿ ಸಿಕ್ಕಿ, ದೆಹಲಿ ಹೈಕೋರ್ಟ್ ಮೆಟ್ಟಿಲು ಹತ್ತಿ ಇಳಿದು ಇಲ್ಲಿಗೆ ಬಂದಿದೆ. ನಿದ್ದೆ ಕೆಟ್ಟವನ ಮನಸ್ಸು ಬೇಗ ಕೆಡುತ್ತದೆ ಅನ್ನುವುದಕ್ಕೆ ನಿಮಗೆ ಡಾಕ್ಟರ್ ಬೇಕಿಲ್ಲ, ಎಳೆ ಮಗು ಇರುವ ಯಾವ ಮನೆಯವರನ್ನಾದರೂ ಕೇಳಿ.

ಈಗ ಆ ಕಾಫಿ ಟೇಬಲ್ಲಿಗೆ ವಾಪಸ್ ಬರುತ್ತೇನೆ. ನನಗೆ ಗೊತ್ತಿರುವ ಒಬ್ಬ ಮನೋವೈದ್ಯರ ಮುಂದೆ ಹೆಸರು ಹೇಳದೆ ಈ ಕತೆ ಇಟ್ಟೆ. ಅವರು ಹೇಳಿದ್ದು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಆತ್ಮಹತ್ಯೆಯಿಂದ ಹೋದವರ ಸುತ್ತ ಇದ್ದವರ ದುಃಖ ಬೇರೆ ಸಾವಿನ ದುಃಖದ ಹಾಗಲ್ಲ. ಅದರಲ್ಲಿ ಅಪರಾಧ ಪ್ರಜ್ಞೆ ಇರುತ್ತದೆ, ಸತ್ತವನ ಮೇಲೆ ಸಿಟ್ಟೂ ಇರುತ್ತದೆ, ಆ ಸಿಟ್ಟಿಗೆ ಮತ್ತೆ ನಾಚಿಕೆ ಇರುತ್ತದೆ. ಕೊನೆಯ ಮಾತುಕತೆಯನ್ನು ಜನ ಪೊಲೀಸರ ಹಾಗೆ ತನಿಖೆ ಮಾಡುತ್ತಾರೆ. ಆಮೇಲೆ ಗೊತ್ತಾದದ್ದನ್ನು ಆಗಲೇ ಗೊತ್ತಿತ್ತು ಎಂಬಂತೆ ತಮ್ಮನ್ನು ತಾವೇ ಶಿಕ್ಷಿಸುತ್ತಾರೆ. 'ನಿದ್ದೆ ಬರ್ತಿಲ್ಲ' ಅಂತ ಆ ವರ್ಷ ಎಷ್ಟು ಜನ ಅವನಿಗೆ ಹೇಳಿದ್ದರು, ಅವರೆಲ್ಲ ಇದ್ದಾರಲ್ಲ ಎಂದು ಕೇಳಿ ನೋಡಿ ಅಂದರು ಡಾಕ್ಟರ್. ಒಂದೇ ಕಾರಣಕ್ಕೆ ಯಾರೂ ಸಾಯುವುದಿಲ್ಲ, ಒಂದೇ ಮಾತಿಗೆ ಯಾರೂ ಉಳಿಯುತ್ತಿದ್ದರು ಎಂದೂ ಹೇಳಲಾಗದು.

ಜೊತೆಯವರು ಏನು ಮಾಡಬಹುದು ಎಂದು ಕೇಳಿದೆ. ಮೊದಲ ಮೂರು ದಿನ ಎಲ್ಲರೂ ಬರುತ್ತಾರೆ, ಆರನೇ ವಾರ ಯಾರೂ ಇರುವುದಿಲ್ಲ, ಆಗ ಹೋಗಿ ಅಂದರು. ಸತ್ತವನ ಹೆಸರು ಹೇಳಲು ಹೆದರಬೇಡಿ. ಹೇಗೆ ಸತ್ತ ಎಂಬ ವಿವರ ಕೇಳಬೇಡಿ, ಗ್ರೂಪಿನಲ್ಲಿ ಹಂಚಬೇಡಿ. ಆ ಸಾವಿನಿಂದ ಹೆಚ್ಚು ಕುಗ್ಗಿದವನು ಯಾರು ಅಂತ ನೋಡಿಕೊಳ್ಳಿ, ಯಾಕೆಂದರೆ ಅವನಿಗೂ ಅಪಾಯ ಹೆಚ್ಚು. ಸಂಶಯ ಬಂದರೆ ಸುತ್ತಿ ಬಳಸದೆ 'ಸಾಯೋ ಯೋಚನೆ ಬರ್ತಿದೆಯಾ?' ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ನಮ್ಮಲ್ಲಿದೆ, ಅದು ತಪ್ಪು. ಕೇಳಿದ್ದಕ್ಕೆ ಬಹಳ ಜನರಿಗೆ ಎದೆಯ ಭಾರ ಇಳಿಯುತ್ತದೆ. ಪೈಲಟ್‌ಗಳ ವಿಷಯಕ್ಕೆ ಅವರು ಇನ್ನೊಂದು ಸೇರಿಸಿದರು: ಸುದ್ದಿ ಬಂದ ಮಾರನೇ ದಿನದ ಡ್ಯೂಟಿಯಿಂದ ಹತ್ತಿರದವರನ್ನು ಕಂಪನಿಯೇ ಇಳಿಸಬೇಕು. ರಜೆ ಕೇಳುವ ಕೆಲಸ ದುಃಖದಲ್ಲಿರುವವನದಾಗಬಾರದು. ಹಾರುವ ಮುಂಚೆ ಕುಡಿದಿದ್ದಾನಾ ಅಂತ ಊದಿಸಿ ನೋಡುತ್ತೀರಿ. ರಾತ್ರಿಯಿಡೀ ಅತ್ತಿದ್ದಾನಾ ಅಂತ ಯಾರು ನೋಡುತ್ತಾರೆ?

ನಮ್ಮ ಪಾಲಿನದೂ ಇದೆ. ಆತ್ಮಹತ್ಯೆಯ ಸುದ್ದಿ ಹೇಗೆ ಮಾಡಬೇಕು ಎಂದು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ಮಾರ್ಗಸೂಚಿ ಒಪ್ಪಿಕೊಂಡಿದೆ. ದೊಡ್ಡ ತಲೆಬರಹ ಬೇಡ, ವಿಧಾನ ವಿವರಿಸಬೇಡಿ, ಒಂದೇ ಕಾರಣಕ್ಕೆ ಗಂಟು ಹಾಕಬೇಡಿ. ಪತ್ರಿಕೆಗಳಿಗೆ ಬರೆದದ್ದು, ನಮಗಲ್ಲ ಎಂದು ಟಿವಿಯವರು ನುಣುಚಿಕೊಳ್ಳಬಹುದು. ನಾನು ಮಾರನೇ ದಿನದ ಮೀಟಿಂಗ್‌ನಲ್ಲಿ ಅದರ ಪ್ರಿಂಟ್ ತೆಗೆದು ಡೆಸ್ಕಿಗೆ ಕೊಟ್ಟೆ. ಆ ಕೆಂಪು ಪಟ್ಟಿಯ ಪ್ರಶ್ನೆಗೆ ಪರದೆಯ ಮೇಲೆಯೇ ಕ್ಷಮೆ ಕೇಳಿದೆ. ಆವತ್ತಿನ ಟಿಆರ್‌ಪಿ ಬಗ್ಗೆ ಕೇಳಬೇಡಿ.

ನಿಮ್ಮ ಮನೆಯಲ್ಲಿ ಪೈಲಟ್ ಇಲ್ಲದಿರಬಹುದು. ನಂಬರ್ ಮಾತ್ರ ಬರೆದಿಟ್ಟುಕೊಳ್ಳಿ: ಟೆಲಿ ಮಾನಸ್, 14416. 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಸಹಾಯವಾಣಿ, ನಮ್ಮ ನಿಮ್ಹಾನ್ಸ್ ಅದರ ಬೆನ್ನೆಲುಬು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆತ್ಮಹತ್ಯೆಗೆ ಯತ್ನಿಸಿದರೆ ಜೈಲು ಎಂಬ ಹಳೇ ಹೆದರಿಕೆ ಇದ್ದರೆ ಬಿಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಚಿಕಿತ್ಸೆ ಕೊಡಿಸಬೇಕು ಎನ್ನುತ್ತದೆ.

ಕಳೆದ ವಾರ ಆ ಪೈಲಟ್‌ಗೆ ನಾನೇ ಫೋನ್ ಮಾಡಿದೆ. ಗೆಳೆಯನ ತಾಯಿಯ ಹತ್ತಿರ ಮತ್ತೆ ಹೋಗಿ ಕಾಫಿಯ ಮಾತು ಹೇಳಿದನಂತೆ. ಆಕೆ ಬಹಳ ಹೊತ್ತು ಅತ್ತು, 'ನನಗೂ ಹಂಗೇ ಅಂದಿದ್ದ, ಹಾಲು ಕುಡಿದು ಮಲಗು ಅಂದೆ' ಅಂದರಂತೆ. ಇಬ್ಬರೂ ಅಲ್ಲೇ ಊಟ ಮಾಡಿದರಂತೆ. ಇದನ್ನೆಲ್ಲ ನಮ್ಮ ಕಾರ್ಯಕ್ರಮದಲ್ಲಿ ಬಂದು ಹೇಳಿ, ಮುಖ ಮಸುಕು ಮಾಡುತ್ತೇವೆ, ಧ್ವನಿ ಬದಲಾಯಿಸುತ್ತೇವೆ ಎಂದೆ.

ಆತ ನಕ್ಕ. 'ಧ್ವನಿ ಬದಲಾಯಿಸಿದ್ರೂ ನಮ್ಮವರು ಕಂಡುಹಿಡೀತಾರೆ ಸರ್. ಸೆಪ್ಟೆಂಬರ್‌ನಲ್ಲಿ ನನ್ನ ಮೆಡಿಕಲ್ ಇದೆ. ಅದು ಆಗಲಿ, ಆಮೇಲೆ ನೋಡೋಣ.'